ಸಾರಂಗಿ ಅಳುವ ವಾದ್ಯವೇ?

(ಧಾರವಾಡದ ಕೆಲವು ಸಂಗೀತಪ್ರಿಯರು ತಿಂಗಳಿಗೊಮ್ಮೆ ವಾಚನಾಲಯವೊಂದರಲ್ಲಿ ಸೇರಿ, ತಮಗೆ ಪ್ರಿಯವಾದ ಧ್ವನಿಮುದ್ರಿಕೆಗಳನ್ನು ಪರಸ್ಪರ ಕೇಳಿಸುತ್ತಾರೆ. ಆ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಾಠ ಇಲ್ಲಿದೆ.)



ಈ ಕೂಟದ ನಿಯಮ ನಿಮಗೆಲ್ಲ ಗೊತ್ತಿರುವುದೇ. ಮಾತನಾಡಲು ಬಂದವರು ತಮಗೆ ಪ್ರಿಯವಾದ ಸಂಗೀತವನ್ನು ತರಬೇಕು, ಎಲ್ಲರಿಗೂ ಕೇಳಿಸಬೇಕು, ಅದು ತಮ್ಮ ಮನಸ್ಸಿಗೆ ಏನು ಮಾಡುತ್ತದೆ ಎಂದು ಹೇಳಬೇಕು. ಇಲ್ಲಿ ಕುಳಿತವರಲ್ಲಿ ಬಹಳ ಮಂದಿ ನನಗಿಂತ ಎರಡು ಪಟ್ಟು ದೊಡ್ಡವರು. ಸಂಗೀತ ಕೇಳಿದ ಲೆಕ್ಕ ಹಿಡಿದರೆ ಹತ್ತು ಪಟ್ಟು ದೊಡ್ಡವರು. ನಾನು ಸಂಗೀತ ಕಲಿತವನಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆಗೆ ಸೇರಿದವನು. ಆದ್ದರಿಂದ ನಿಮ್ಮೆದುರು ರಾಗಲಕ್ಷಣ ಹೇಳುವ ಸಾಹಸ ಮಾಡುವುದಿಲ್ಲ. ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ. ಆ ತಪ್ಪಿನಿಂದಾಗಿಯೇ ನಾನು ಈ ಕೂಟಕ್ಕೆ ಬರುವಂತಾಯಿತು.

ಒಂದು ಫೋನ್ ಕರೆ

2024ರ ನವೆಂಬರ್‌ನಲ್ಲಿ ಪಂಡಿತ್ ರಾಮ್ ನಾರಾಯಣ್ ತೀರಿಕೊಂಡರು. ಅವರಿಗೆ 96 ವರ್ಷವಾಗಿತ್ತು. ಸುದ್ದಿ ಬಂದಾಗ ಡೆಸ್ಕಿನಲ್ಲಿದ್ದವನು ನಾನು. ಏಜೆನ್ಸಿಯ ವರದಿಯನ್ನು ಕನ್ನಡಕ್ಕೆ ತಂದೆ. ಜಾಗ ಕಡಿಮೆ ಇತ್ತು, ಸಮಯವೂ ಕಡಿಮೆ ಇತ್ತು. ಹುಟ್ಟಿದ್ದು ಉದಯಪುರದ ಹತ್ತಿರ, 1927ರ ಡಿಸೆಂಬರ್ 25ರಂದು, 2005ರಲ್ಲಿ ಪದ್ಮವಿಭೂಷಣ. ಇಷ್ಟನ್ನು ಬರೆದು, ತಲೆಬರಹದಲ್ಲಿ 'ಶೋಕವಾದ್ಯದ ಸಾಮ್ರಾಟ' ಎಂಬ ಮಾತನ್ನು ಸೇರಿಸಿದೆ. ಅದು ಏಜೆನ್ಸಿಯ ಮಾತಾಗಿರಲಿಲ್ಲ. ಸೊಗಸಾಗಿದೆ ಎಂದು ನನಗೇ ತೋಚಿ ಬರೆದದ್ದು.

ಮರುದಿನ ಬೆಳಿಗ್ಗೆ ಕಚೇರಿಗೆ ಒಂದು ಫೋನ್ ಬಂತು. ದನಿ ವಯಸ್ಸಾದವರದು.

"ತಮ್ಮಾ, ಇವತ್ತಿನ ಪೇಪರದಾಗ ಸಾರಂಗಿ ಸುದ್ದಿ ಬರದವರು ಯಾರು?"

"ನಾನೇ ರೀ."

"ನೀ ಸಾರಂಗಿ ಕೇಳೀಯೇನು?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಇಲ್ರೀ" ಎಂದೆ.

"ಮತ್ತ ಅದು ಅಳೋ ವಾದ್ಯ ಅಂತ ನಿನಗ ಯಾರು ಹೇಳಿದರು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ನಿಜವಾಗಿಯೂ ಯಾರು ಹೇಳಿದ್ದರು? ಯೋಚಿಸಿದಾಗ ನೆನಪಾದದ್ದು ನನ್ನ ಅಜ್ಜಿ. ನಾನು ಚಿಕ್ಕವನಿದ್ದಾಗ ಟಿ.ವಿ.ಯಲ್ಲಿ ಎಲ್ಲಾದರೂ ಸಾರಂಗಿಯ ದನಿ ಬಂದರೆ ಅಜ್ಜಿ ಒಳಗಿನಿಂದಲೇ "ಯಾರು ಹೋದರು?" ಎಂದು ಕೇಳುತ್ತಿದ್ದಳು. ಆಮೇಲೆ "ಬಂದ್ ಮಾಡದನ್ನ" ಎನ್ನುತ್ತಿದ್ದಳು. ಅಂದರೆ ನಾನು ಕೇಳದೇ ಇದ್ದ ವಾದ್ಯದ ಬಗ್ಗೆ ನನ್ನೊಳಗೆ ಒಂದು ಅಭಿಪ್ರಾಯ ಮಾತ್ರ ಇತ್ತು. ಅದನ್ನೇ ನಾನು ಸಾವಿರಾರು ಓದುಗರಿಗೆ ಸುದ್ದಿಯೆಂದು ಹಂಚಿದ್ದೆ.

ಫೋನ್ ಮಾಡಿದ ಹಿರಿಯರು ಬೈಯಲಿಲ್ಲ. "ಐತವಾರ ಮನೀಗೆ ಬಾ, ಕೇಳಸ್ತೀನಿ" ಎಂದರು. ಹೋದೆ. ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಮಾತಿಲ್ಲದ ಸಂಗೀತ ನಮ್ಮನ್ನು ಅಳಿಸುತ್ತದೆ, ನಗಿಸುತ್ತದೆ, ಸುಮ್ಮನಾಗಿಸುತ್ತದೆ. ಹಾಡಿಗೆ ಸಾಹಿತ್ಯವಿರುತ್ತದೆ. ವಿರಹ ಎಂದರೆ ವಿರಹ, ಭಕ್ತಿ ಎಂದರೆ ಭಕ್ತಿ ಎಂದು ಅದು ನಮಗೆ ತಿಳಿಸಿಬಿಡುತ್ತದೆ. ಆದರೆ ಬರೀ ತಂತಿಯಿಂದ, ಬರೀ ಕೊಳವೆಯಿಂದ ಹೊರಡುವ ನಾದಕ್ಕೆ ಭಾವ ಎಲ್ಲಿಂದ ಬರುತ್ತದೆ? ಅದು ಸ್ವರದಲ್ಲಿದೆಯೇ, ನಮ್ಮ ನೆನಪಿನಲ್ಲಿದೆಯೇ?

ಬೆಳಗಿನ ರಾಗ

ಮೊದಲು ನಿಮಗೆಲ್ಲ ಗೊತ್ತಿರುವ ಒಂದು ತುಣುಕಿನಿಂದ ಆರಂಭಿಸೋಣ. ಆಕಾಶವಾಣಿಯ ಸಂಕೇತಧ್ವನಿ. ಕೆಳಗೆ ತಂಬೂರಿಯ ಶ್ರುತಿ, ಮೇಲೆ ವಯೊಲಿನ್ನಿನ ಒಂದು ಪುಟ್ಟ ಎಳೆ. ಧಾರವಾಡದಲ್ಲಿ ಬಾನುಲಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಅಂದಿನಿಂದ ಈ ಭಾಗದ ಎಷ್ಟೋ ಮನೆಗಳಲ್ಲಿ ಬೆಳಗಾಗುತ್ತಿದ್ದುದು ಈ ನಾದದಿಂದಲೇ.

ಇದನ್ನು ರಚಿಸಿದವರು ವಾಲ್ಟರ್ ಕಾಫ್‌ಮನ್ ಎಂದು ಬಾನುಲಿಯ ಚರಿತ್ರೆ ಬರೆದವರು ಹೇಳುತ್ತಾರೆ. ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾದ್‌ನಲ್ಲಿ 1907ರಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ. ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರಲ್ಲಿ, ಮುಂಬೈಗೆ ಬಂದರು. ಅಲ್ಲಿನ ಬಾನುಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವನ್ನು ನೋಡಿಕೊಂಡರು. ಯುದ್ಧ ಮುಗಿದ ಮೇಲೆ ದೇಶ ಬಿಟ್ಟು ಹೋದರು, ಕೊನೆಗೆ ಅಮೆರಿಕದಲ್ಲಿ ನೆಲೆಸಿ 1984ರಲ್ಲಿ ತೀರಿಕೊಂಡರು. ನೆಲೆ ಕಳೆದುಕೊಂಡು ಬಂದವರೊಬ್ಬರ ನಾದದಿಂದ ನಮ್ಮ ದೇಶ ದಶಕಗಳ ಕಾಲ ನಿದ್ದೆಯಿಂದ ಎದ್ದಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಸಂಕೇತಧ್ವನಿ ಶಿವರಂಜನಿ ರಾಗದ ಛಾಯೆಯದು. ಶಿವರಂಜನಿ ಎಂದೊಡನೆ ಸಿನಿಮಾ ನೋಡಿದವರಿಗೆಲ್ಲ ನೆನಪಾಗುವುದು ಅಗಲಿಕೆ, ಕಣ್ಣೀರು. ಚಿತ್ರಸಂಗೀತದಲ್ಲಿ ದುಃಖದ ಸನ್ನಿವೇಶಕ್ಕೆ ಅದನ್ನು ಅಷ್ಟು ಬಳಸಿದ್ದಾರೆ. ಶಾಸ್ತ್ರವೂ ಇದಕ್ಕೆ ಬೆಂಬಲವಾಗಿ ನಿಲ್ಲುವಂತೆ ಕಾಣುತ್ತದೆ. ಭರತನ ನಾಟ್ಯಶಾಸ್ತ್ರ ಒಂದೊಂದು ಸ್ವರಕ್ಕೆ ಒಂದೊಂದು ರಸವನ್ನು ಹಂಚುತ್ತದೆ. ಮಧ್ಯಮ, ಪಂಚಮಗಳಿಗೆ ಹಾಸ್ಯ ಮತ್ತು ಶೃಂಗಾರ. ಷಡ್ಜ, ಋಷಭಗಳಿಗೆ ವೀರ, ರೌದ್ರ, ಅದ್ಭುತ. ಗಾಂಧಾರ, ನಿಷಾದಗಳಿಗೆ ಕರುಣ. ಧೈವತಕ್ಕೆ ಬೀಭತ್ಸ, ಭಯಾನಕ. ಅಂದಿನ ಸ್ವರವ್ಯವಸ್ಥೆ ಬೇರೆ, ಇಂದಿನ ರಾಗಪದ್ಧತಿ ಬೇರೆ. ಆದರೂ ಶಿವರಂಜನಿಯ ಕೋಮಲ ಗಾಂಧಾರವನ್ನು ಕೇಳಿದಾಗ ಭರತನ ಮಾತು ನಿಜವೆನಿಸುತ್ತದೆ.

ಹಾಗಿದ್ದರೆ ಬೆಳಿಗ್ಗೆ ರೇಡಿಯೊ ಹಚ್ಚಿದವರೆಲ್ಲ ಅಳಬೇಕಿತ್ತಲ್ಲ? ಯಾರೂ ಅಳಲಿಲ್ಲ. ನಾನು ನಮ್ಮ ಬಡಾವಣೆಯ ಹಿರಿಯರನ್ನು ಕೇಳಿ ನೋಡಿದೆ. ಒಬ್ಬರಿಗೆ ಅದು ಬಚ್ಚಲ ಒಲೆಯ ಹೊಗೆಯನ್ನು ನೆನಪಿಸಿತು. ಇನ್ನೊಬ್ಬರಿಗೆ ಪರೀಕ್ಷೆಯ ದಿನಗಳಲ್ಲಿ ಅಪ್ಪ ಎಬ್ಬಿಸುತ್ತಿದ್ದುದು ನೆನಪಾಯಿತು. ಮತ್ತೊಬ್ಬರು "ಅದು ಬಂತಂದರ ಚಹಾ ಬಂತು ಅಂತ ಅರ್ಥ" ಎಂದರು. ದುಃಖ ಎಂಬ ಪದವನ್ನು ಒಬ್ಬರೂ ಎತ್ತಲಿಲ್ಲ. ಸ್ವರಗಳು ಅವೇ. ದಿನಾ ಬೆಳಗಿನಲ್ಲಿ ಕೇಳಿ ಕೇಳಿ ಅವುಗಳಿಗೆ ಬೆಳಗಿನ ಬಣ್ಣ ಅಂಟಿಕೊಂಡಿತ್ತು.

ಚಪ್ಪರದ ಸನಾದಿ, ಮೊಹರಮ್ಮಿನ ಸನಾದಿ

ಎರಡನೆಯ ಉದಾಹರಣೆ ಶಹನಾಯಿ. ನಮ್ಮ ಕಡೆಯ ಮಾತಿನಲ್ಲಿ ಸನಾದಿ. ಸನಾದಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು 1977ರ 'ಸನಾದಿ ಅಪ್ಪಣ್ಣ' ಚಿತ್ರ. ಕಥೆ ಕೃಷ್ಣಮೂರ್ತಿ ಪುರಾಣಿಕರದು. ತೆರೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್, ತೆರೆಯ ಹಿಂದೆ ಅದನ್ನು ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಹಳ್ಳಿಯ ಒಬ್ಬ ಸನಾದಿಯವನ ಬಾಳನ್ನು ಆ ಚಿತ್ರ ಮುಂದೆ ತಂದು ನಿಲ್ಲಿಸಿತು. ಹಿಂದಿನವರು ಹೇಳುವುದನ್ನು ನೀವೂ ಕೇಳಿರುತ್ತೀರಿ. ಮದುವೆಗೆ ಸನಾದಿಯವನ ನಾದ ಬೇಕು, ಊಟದ ಪಂಕ್ತಿಯಲ್ಲಿ ಅವನು ಬೇಡ. ಮಂಗಳವಾದ್ಯ ಎಂಬ ಗೌರವ ವಾದ್ಯಕ್ಕೆ ಸಿಕ್ಕಿತು. ನುಡಿಸುವವನಿಗೆ ಎಷ್ಟೋ ಕಡೆ ಸಿಗಲಿಲ್ಲ.

ಮಂಗಳವಾದ್ಯ ಎನ್ನುತ್ತೇವೆ. ಆದರೆ ಬಿಸ್ಮಿಲ್ಲಾ ಖಾನರ ಬಾಳನ್ನೇ ನೋಡಿ. 1916ರಲ್ಲಿ ಬಿಹಾರದ ಡುಮ್ರಾವ್‌ನಲ್ಲಿ ಹುಟ್ಟಿ ಕಾಶಿಯಲ್ಲಿ ಬೆಳೆದವರು. ಗಂಗೆಯ ದಂಡೆಯ ಬಾಲಾಜಿ ಗುಡಿಯಲ್ಲಿ ಗಂಟೆಗಟ್ಟಲೆ ಸಾಧನೆ ಮಾಡಿದವರು. 1947ರ ಸ್ವಾತಂತ್ರ್ಯೋತ್ಸವದ ಸಂಭ್ರಮದಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ನುಡಿಸಿದವರು. ಮದುವೆಮನೆಯ ಬಾಗಿಲಲ್ಲಿ ನಿಂತಿದ್ದ ವಾದ್ಯವನ್ನು ಸಂಗೀತ ಸಭೆಯ ನಡುವೇದಿಕೆಗೆ ತಂದು ಕೂರಿಸಿದವರು. 2001ರಲ್ಲಿ ಭಾರತರತ್ನ ಪಡೆದವರು. ಇದೇ ಬಿಸ್ಮಿಲ್ಲಾ ಖಾನರು ಮೊಹರಮ್ಮಿನ ಎಂಟನೆಯ ದಿನ ಕಾಶಿಯ ಬೀದಿಯಲ್ಲಿ ನಡೆಯುತ್ತ ಶಹನಾಯಿಯಲ್ಲಿ ಶೋಕಗೀತೆ ನುಡಿಸುತ್ತಿದ್ದರು. ಕರ್ಬಲಾದಲ್ಲಿ ಮಡಿದವರನ್ನು ನೆನೆದು ಕಣ್ಣೀರು ಹಾಕುತ್ತಲೇ ನುಡಿಸುತ್ತಿದ್ದರು. ಆ ದಿನ ಬೇರೆ ಯಾವ ರಾಗವೂ ಇಲ್ಲ, ಬೇರೆ ಯಾವ ರಂಜನೆಯೂ ಇಲ್ಲ.

ಮನುಷ್ಯ ಅವರೇ, ವಾದ್ಯ ಅದೇ, ಅದೇ ಉಸಿರು. ಲಗ್ನದ ಚಪ್ಪರದಲ್ಲಿ ಕೇಳಿದವನಿಗೆ ಅದು ಅಕ್ಷತೆಯ ಸದ್ದು. ಕಾಶಿಯ ಆ ಬೀದಿಯಲ್ಲಿ ಕೇಳಿದವನಿಗೆ ಎದೆ ಬಡಿದುಕೊಳ್ಳುವ ಸದ್ದು. 2006ರ ಆಗಸ್ಟ್ 21ರಂದು ಅವರು ತೀರಿಕೊಂಡಾಗ ಕಾಶಿಯ ಫಾತಮಾನ್ ಸ್ಮಶಾನದಲ್ಲಿ, ಬೇವಿನ ಮರದ ಕೆಳಗೆ, ಅವರ ಜೊತೆ ಒಂದು ಶಹನಾಯಿಯನ್ನೂ ಮಣ್ಣಿಗಿಟ್ಟರು. ಮೊಹರಮ್ಮಿನ ಮೆರವಣಿಗೆಯಲ್ಲಿ ಅವರು ನುಡಿಸುತ್ತ ಹೋಗಿ ಮುಟ್ಟುತ್ತಿದ್ದುದು ಇದೇ ಫಾತಮಾನ್‌ಗೆ.

ಒಂದೇ ವಾದ್ಯ ಶುಭವನ್ನೂ ಶೋಕವನ್ನೂ ಹೇಳಬಲ್ಲದು ಎಂದಮೇಲೆ 'ಮಂಗಳವಾದ್ಯ', 'ಶೋಕವಾದ್ಯ' ಎಂಬ ಹಣೆಪಟ್ಟಿಗಳೆಲ್ಲ ನಾವು ಅಂಟಿಸಿದವು. ಶಹನಾಯಿಗೆ ಒಳ್ಳೆಯ ಪಟ್ಟಿ ಸಿಕ್ಕಿತು. ಕೆಟ್ಟ ಪಟ್ಟಿ ಸಿಕ್ಕ ವಾದ್ಯದ ಕಥೆ ಏನಾಯಿತು?

ನೂರು ಬಣ್ಣದ ವಾದ್ಯ

ಸಾರಂಗಿಯನ್ನು ಹತ್ತಿರದಿಂದ ನೋಡದವರಿಗಾಗಿ ಅದರ ರಚನೆಯನ್ನು ಸ್ವಲ್ಪ ಹೇಳುತ್ತೇನೆ. ಸುಮಾರು ಎರಡು ಅಡಿ ಎತ್ತರ. ಒಂದೇ ಮರದ ತುಂಡನ್ನು ಕೊರೆದು ಮಾಡುತ್ತಾರೆ, ಹೊಟ್ಟೆಯ ಮೇಲೆ ಆಡಿನ ಚರ್ಮ ಬಿಗಿಯುತ್ತಾರೆ. ಕಮಾನು ಆಡುವುದು ಮುಖ್ಯವಾದ ಮೂರು ತಂತಿಗಳ ಮೇಲೆ. ಅವು ಕರುಳಿನಿಂದ ಮಾಡಿದವು. ಅವುಗಳ ಕೆಳಗೆ ಮೂವತ್ತೈದರ ಆಸುಪಾಸಿನಷ್ಟು ಸಣ್ಣ ಲೋಹದ ತಂತಿಗಳಿರುತ್ತವೆ. ಇವಕ್ಕೆ ತರಬ್ ಎನ್ನುತ್ತಾರೆ. ಇವನ್ನು ಯಾರೂ ಮುಟ್ಟಿ ನುಡಿಸುವುದಿಲ್ಲ. ಮೇಲಿನ ತಂತಿಯಲ್ಲಿ ಒಂದು ಸ್ವರ ಹುಟ್ಟಿದರೆ, ಅದೇ ಸ್ವರಕ್ಕೆ ಶ್ರುತಿ ಮಾಡಿದ ಕೆಳಗಿನ ತಂತಿ ತಾನಾಗಿಯೇ ಕಂಪಿಸುತ್ತದೆ. ಒಬ್ಬರು ಹಾಡಿದ್ದನ್ನು ದೂರದ ಗುಂಪೊಂದು ಮೆಲ್ಲಗೆ ಮರುನುಡಿದಂತೆ ಕೇಳುವುದು ಇದರಿಂದಲೇ.

ಸಿತಾರಿನಲ್ಲಿರುವಂತೆ ಇದಕ್ಕೆ ಮೆಟ್ಟಿಲುಗಳಿಲ್ಲ. ವಯೊಲಿನ್ನಿನಂತೆ ಬೆರಳ ತುದಿಯಿಂದ ಒತ್ತುವಂತೆಯೂ ಇಲ್ಲ. ಎಡಗೈ ಬೆರಳುಗಳ ಉಗುರು ಚರ್ಮ ಕೂಡುವ ಜಾಗವನ್ನು ತಂತಿಯ ಪಕ್ಕಕ್ಕೆ ತಾಗಿಸಿ ಜಾರಿಸುತ್ತಾರೆ. ಸಾಧನೆ ಮಾಡಿದವರ ಉಗುರಿನ ಬುಡದಲ್ಲಿ ಜಡ್ಡುಗಟ್ಟಿದ ಗುರುತು ಇರುತ್ತದೆ. ಹೀಗೆ ಜಾರುವುದರಿಂದ ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಹೋಗುವ ದಾರಿಯೆಲ್ಲ ಕೇಳಿಸುತ್ತದೆ. ಮನುಷ್ಯನ ಕಂಠಕ್ಕೆ ಅತಿ ಹತ್ತಿರದ ವಾದ್ಯ ಎಂದು ಸಾರಂಗಿಯನ್ನು ಹೊಗಳುವುದು ಈ ಗುಣಕ್ಕಾಗಿ. 'ಸೌ ರಂಗ್', ನೂರು ಬಣ್ಣ, ಎಂಬುದರಿಂದ ಅದರ ಹೆಸರು ಬಂತೆಂದು ಸಂಗೀತಗಾರರು ಪ್ರೀತಿಯಿಂದ ಹೇಳುವ ವಿವರಣೆಯೂ ಇದೆ.

ನೂರು ಬಣ್ಣದ ಈ ವಾದ್ಯಕ್ಕೆ ಎರಡೇ ಎರಡು ಹಣೆಪಟ್ಟಿ ಅಂಟಿದವು. ಮೊದಲನೆಯದು ಕೋಠಿಯದು. ಗಣಿಕೆಯರ ಹಾಡಿಗೆ ಸಾಥ್ ನೀಡುತ್ತಿದ್ದ ವಾದ್ಯ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಆ ಕಲಾವಿದೆಯರ ವಿರುದ್ಧ ಸಮಾಜ ತಿರುಗಿದಾಗ ಅವರ ಪಕ್ಕದಲ್ಲಿ ಕುಳಿತ ಸಾರಂಗಿಯೂ ಮರ್ಯಾದೆ ಕಳೆದುಕೊಂಡಿತು. ಸಾರಂಗಿ ಮನೆತನದ ಎಷ್ಟೋ ಮಂದಿ ಗಾಯನಕ್ಕೆ ತಿರುಗಿದರು. ಸಾಥಿನ ಜಾಗಕ್ಕೆ ಹಾರ್ಮೋನಿಯಂ ಬಂತು. ಅದನ್ನು ಕಲಿಯುವುದು ಸುಲಭ, ಅದಕ್ಕೆ ಶ್ರುತಿ ಮಾಡುವ ಗೋಜೂ ಇಲ್ಲ.

ಎರಡನೆಯ ಪಟ್ಟಿ ಬಾನುಲಿಯಿಂದ ಬಂತು. ಹೀಗೆ ಹೇಳುವಾಗ ಬಾನುಲಿಯ ಉಪಕಾರವನ್ನೂ ಮರೆಯಬಾರದು. 1940ರಿಂದ ಮೂರು ದಶಕ ಆಕಾಶವಾಣಿ ಹಾರ್ಮೋನಿಯಮ್ಮಿಗೆ ಬಹಿಷ್ಕಾರ ಹಾಕಿತ್ತು. ಬಾನುಲಿ ಕೇಂದ್ರಗಳಲ್ಲಿ ಸಾರಂಗಿಯವರಿಗೆ ಸಂಬಳದ ಕೆಲಸ ಸಿಕ್ಕಿತು. ರಾಮ್ ನಾರಾಯಣ್ ಅವರೂ 1944ರಲ್ಲಿ ಲಾಹೋರ್ ಕೇಂದ್ರದಲ್ಲಿ ಸಾಥಿಯಾಗಿ ಸೇರಿ, ದೇಶ ಇಬ್ಭಾಗವಾದಾಗ ದೆಹಲಿಗೆ ಬಂದವರು. ಆದರೆ ರಾಷ್ಟ್ರನಾಯಕರು ತೀರಿಕೊಂಡಾಗ ಬಾನುಲಿ ಮಾಮೂಲಿ ಕಾರ್ಯಕ್ರಮಗಳನ್ನು ನಿಲ್ಲಿಸಿ ವಾದ್ಯಸಂಗೀತ ಬಿತ್ತರಿಸುತ್ತಿತ್ತು. ಆ ದಿನಗಳಲ್ಲಿ ಸಾರಂಗಿ ಮೊಳಗಿತು. ಉಳಿದ ದಿನಗಳಲ್ಲಿ ಶಾಸ್ತ್ರೀಯ ಸಂಗೀತ ಕೇಳದ ಕೋಟ್ಯಂತರ ಜನ ಆ ದಿನಗಳಲ್ಲಿ ಮಾತ್ರ, ಬೇರೆ ದಾರಿಯಿಲ್ಲದೆ, ಸಾರಂಗಿ ಕೇಳಿದರು. ಅವರ ಪಾಲಿಗೆ ಅದು ಸಾವಿನ ಸುದ್ದಿಯೇ ಆಯಿತು.

ಈ ಪಟ್ಟಿಗಳ ಭಾರ ಎಂಥದು ಎಂಬುದಕ್ಕೆ ರಾಮ್ ನಾರಾಯಣರ ಬದುಕಿನ ಒಂದು ಘಟನೆ ಸಾಕು. ಸಾರಂಗಿಯನ್ನು ಪಕ್ಕವಾದ್ಯವಾಗಿ ಅಲ್ಲ, ತಾನೇ ಒಂದು ಕಛೇರಿಯಾಗಿ ನುಡಿಸಬೇಕೆಂಬುದು ಅವರ ಹಟ. 1954ರಲ್ಲಿ ಮುಂಬೈಯ ಕಾವಸ್‌ಜಿ ಜಹಾಂಗೀರ್ ಸಭಾಂಗಣದ ಸಂಗೀತೋತ್ಸವದಲ್ಲಿ ಹಾಗೆ ನುಡಿಸಲು ಕುಳಿತರು. ಹೆಸರಾದ ಕಲಾವಿದರಿಗಾಗಿ ಕಾದಿದ್ದ ಸಭಿಕರಿಗೆ ತಾಳ್ಮೆ ಇರಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಏಳಬೇಕಾಯಿತು. ಅವರು ಸಾರಂಗಿ ಬಿಡಲಿಲ್ಲ. ಹೊಟ್ಟೆಪಾಡಿಗೆ ಸಿನಿಮಾ ಹಾಡುಗಳಿಗೆ ನುಡಿಸಿದರು, 1956ರಲ್ಲಿ ಮತ್ತೆ ಒಂಟಿಯಾಗಿ ವೇದಿಕೆ ಏರಿದರು. ಈ ಸಲ ಜನ ಕೇಳಿದರು. 1964ರಲ್ಲಿ ಅಣ್ಣ, ತಬಲಾ ವಾದಕ ಚತುರಲಾಲರೊಂದಿಗೆ ಯುರೋಪಿಗೂ ಹೋದರು. ಅಂಥ ಮನುಷ್ಯ ಅರವತ್ತು ವರ್ಷ ಕಷ್ಟಪಟ್ಟು ಕಿತ್ತುಹಾಕಿದ ಪಟ್ಟಿಯನ್ನು, ಅವರು ಸತ್ತ ದಿನ ನಾನು ಮತ್ತೆ ಅಂಟಿಸಿದ್ದೆ. ಫೋನ್ ಮಾಡಿದ ಹಿರಿಯರಿಗೆ ನೋವಾದದ್ದು ಇದಕ್ಕೆ.

ಧಾರವಾಡದ ಕಿವಿ

ಆ ಐತವಾರ ಅವರ ಮನೆಯಲ್ಲಿ ಮೊದಲ ಸಲ ಸಾರಂಗಿ ಕೇಳಿದಾಗ ನನಗೆ ಅನ್ನಿಸಿದ್ದು, 'ಇದನ್ನು ಎಲ್ಲೋ ಕೇಳಿದ್ದೇನಲ್ಲ' ಎಂದು. ಹೇಳಿದೆ. ಅವರು ನಕ್ಕು, "ಭೀಮಸೇನ ಜೋಶಿ ಕೇಳೀಯಲ್ಲ, ಗಂಗೂಬಾಯಿ ಕೇಳೀಯಲ್ಲ? ಅದರೊಳಗ ಐತಿ" ಎಂದರು.

ಅದು ಬರೀ ಮಾತಿನ ಚಮತ್ಕಾರವಲ್ಲ. ಕಿರಾಣಾ ಘರಾಣೆಯ ಬೇರಿನಲ್ಲೇ ಸಾರಂಗಿ ಇದೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ಸಾರಂಗಿ ಮನೆತನದ ಹಿನ್ನೆಲೆಯವರು. ಮೈಸೂರು ಅರಮನೆಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಅವರ ಶಿಷ್ಯರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಒಂದೊಂದೇ ಸ್ವರವನ್ನು ಹಿಡಿದು ನಿಲ್ಲುವುದು, ಅವಸರವಿಲ್ಲದೆ ಮುಂದಿನ ಸ್ವರಕ್ಕೆ ಜಾರುವುದು, ಎಳೆ ಕಡಿಯದಂತೆ ನಾದ ಹರಿಸುವುದು, ಇವು ಕಿರಾಣಾ ಗಾಯಕಿಯ ಗುಣಗಳು. ಕಮಾನಿನಿಂದ ನುಡಿಸುವ ಸಾರಂಗಿಯ ಗುಣಗಳೂ ಇವೇ. ಸಾರಂಗಿಯನ್ನು ಶೋಕವಾದ್ಯವೆಂದು ದೂರವಿಟ್ಟ ನಮ್ಮದೇ ಊರಿನ ಜನ, ಅದೇ ನಾದವನ್ನು ಗಾಯಕರ ಕಂಠದಲ್ಲಿ ಕೇಳಿ ತಲೆದೂಗಿದ್ದಾರೆ.

ಹಾಗೆಂದು ಭಾವವೆಲ್ಲ ನೆನಪಿನದೇ, ನಾದದಲ್ಲಿ ಏನೂ ಇಲ್ಲ ಎಂದು ನಾನು ಹೇಳಲಾರೆ. ನಮ್ಮ ಹಳ್ಳಿಗಳಲ್ಲಿ ಸಾವಾದಾಗ ಹೆಣ್ಣುಮಕ್ಕಳು 'ಹಾಡ್ಯಾಡಿ' ಅಳುತ್ತಾರೆ. ಸತ್ತವರ ಗುಣ ಹೇಳಿಕೊಂಡು, ದನಿ ಎಳೆದು, ಮೇಲಿನಿಂದ ಕೆಳಕ್ಕೆ ಜಾರಿಸುತ್ತಾರೆ. ಸಾರಂಗಿಯ ಮೀಂಡಿನಲ್ಲಿ ಆ ಜಾರು ಇದ್ದೇ ಇದೆ. ಅದನ್ನು ಕೇಳಿದವರಿಗೆ ಅಳು ನೆನಪಾದರೆ ಅದು ಕಿವಿಯ ತಪ್ಪಲ್ಲ. ಆದರೆ ಜಾರುವ ದನಿ ಜೋಗುಳದಲ್ಲೂ ಇದೆ. ಹೊಲದ ಆಚೆ ಬದುವಿನಲ್ಲಿರುವವನನ್ನು ಕರೆಯುವ ಕೂಗಿನಲ್ಲೂ ಇದೆ. ರಾಜಸ್ಥಾನದ ಮರುಭೂಮಿಯಲ್ಲಿ ಲಂಗಾ ಎಂಬ ವಂಶಪಾರಂಪರ್ಯದ ಗಾಯಕರಿದ್ದಾರೆ. ತಮ್ಮ ಆಶ್ರಯದಾತರ ಮನೆಯಲ್ಲಿ ಮಗು ಹುಟ್ಟಿದರೆ, ಮದುವೆಯಾದರೆ ಅವರು ಸಾರಂಗಿ ನುಡಿಸಿ ಹಾಡುತ್ತಾರೆ. ಅಲ್ಲಿ ಬೆಳೆದ ಮಗುವಿಗೆ ಸಾರಂಗಿ ಎಂದರೆ ಮದುವೆಮನೆಯ ಸದ್ದು. ನಮಗೆ ಸನಾದಿ ಇದ್ದಂತೆ.

ನನಗೆ ಕಂಡ ಮಟ್ಟಿಗೆ ಉತ್ತರ ಇಷ್ಟು. ನಾದ ನಮ್ಮನ್ನು ಒಂದು ದಾರಿಯ ಬಾಯಿಗೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಯಾವ ಕಡೆ ಹೋಗುತ್ತೇವೆ ಎಂಬುದನ್ನು ನಾವು ಅದನ್ನು ಎಲ್ಲಿ, ಯಾವಾಗ, ಯಾರ ಜೊತೆ ಕೇಳಿದೆವು ಎಂಬುದು ನಿರ್ಧರಿಸುತ್ತದೆ.

ಅಜ್ಜಿ ಹೇಳಿದ್ದು

ಇಷ್ಟೆಲ್ಲ ತಿಳಿದ ಮೇಲೆ ಉತ್ಸಾಹ ಬಂತು. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಗೆ ಸಾರಂಗಿ ಕೇಳಿಸಿಯೇ ಬಿಡಬೇಕು, ಅವಳ ತಪ್ಪು ಅಭಿಪ್ರಾಯವನ್ನು ತಿದ್ದಬೇಕು ಎಂದುಕೊಂಡೆ. ಲಂಗಾ ಕಲಾವಿದರ ಮದುವೆ ಹಾಡಿನ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಜ್ಜಿ ಕಟ್ಟೆಯ ಮೇಲೆ ಕುಳಿತು ಕಾಳು ಆರಿಸುತ್ತಿದ್ದಳು. ಹಚ್ಚಿದೆ. ಕೈ ನಿಂತಿತು. 'ಬಂದ್ ಮಾಡು' ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಪೂರ್ತಿ ಕೇಳಿದಳು.

"ಇದು ಮದವಿ ಹಾಡು ಅಜ್ಜಿ. ಅಲ್ಲಿ ಮದವ್ಯಾಗ ಬಾರಸ್ತಾರ" ಎಂದೆ.

"ಚಲೋ ಐತಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರ ನನಗ ಅಪ್ಪ ನೆನಪಾದ" ಎಂದಳು.

ಆಮೇಲೆ ಹೇಳಿದ್ದು ಇದು. 1964ರ ಮೇ ತಿಂಗಳು. ಅಜ್ಜಿಗೆ ಆಗ ಹದಿಮೂರು ವರ್ಷ. ಊರಿಗೆಲ್ಲ ಇದ್ದದ್ದು ಪಂಚಾಯತಿಯ ಒಂದೇ ರೇಡಿಯೊ. ನೆಹರೂ ತೀರಿಕೊಂಡ ಸುದ್ದಿ ಮಧ್ಯಾಹ್ನ ಬಂತು. ಹೊಲದಿಂದ ಬಂದ ಅವಳ ಅಪ್ಪ ಮನೆಗೆ ಹೋಗದೆ ನೇರ ಪಂಚಾಯತಿ ಕಟ್ಟೆಗೆ ನಡೆದ. ಕರೆಯಲು ಹೋದ ಹುಡುಗಿ ನೋಡುತ್ತಾಳೆ, ಅಪ್ಪ ಚಪ್ಪಲಿ ಬಿಚ್ಚಿಟ್ಟು, ಪಟಗಾ ತೆಗೆದು ತೊಡೆಯ ಮೇಲಿಟ್ಟುಕೊಂಡು ರೇಡಿಯೊದ ಮುಂದೆ ನೆಲದ ಮೇಲೆ ಕುಳಿತಿದ್ದಾನೆ. ಒಳಗಿನಿಂದ ಸಾರಂಗಿ ಬರುತ್ತಿದೆ. ಅಪ್ಪ ಅಳುತ್ತಿದ್ದಾನೆ. "ನಾ ನಮ್ಮಪ್ಪ ಅತ್ತಿದ್ದು ನೋಡಿದ್ದು ಅದೊಂದ ಸಲ" ಎಂದಳು ಅಜ್ಜಿ. "ಅವ ಸತ್ತಾಗ ನಾ ಗಂಡನ ಮನ್ಯಾಗಿದ್ದೆ. ಮುಖ ನೋಡಲಿಲ್ಲ. ಇದು ಕೇಳಿದರ ಅವನ ಆ ಮುಖ ಕಾಣತೈತಿ. ಅದಕ್ಕ ಬಂದ್ ಮಾಡು ಅಂತಿದ್ದೆ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಓಡಾಡಿಕೊಂಡಿದ್ದೂ ನನಗೆ ಈ ಸಂಗತಿ ಗೊತ್ತಿರಲಿಲ್ಲ. ನನ್ನ ಅವ್ವನಿಗೂ ಗೊತ್ತಿರಲಿಲ್ಲ. ಅಜ್ಜಿಯ 'ತಪ್ಪು ಅಭಿಪ್ರಾಯ'ವನ್ನು ತಿದ್ದಲು ಹೋದವನಿಗೆ ನಾಚಿಕೆಯಾಯಿತು. ಅವಳದು ಅಭಿಪ್ರಾಯವೇ ಆಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತ ಒಬ್ಬ ಒಕ್ಕಲಿಗನ ಮುಖ ಆ ನಾದದೊಳಗೆ ಅವಳಿಗಾಗಿ ಅರವತ್ತು ವರ್ಷ ಉಳಿದುಕೊಂಡಿತ್ತು. ಅದನ್ನು ಅಳಿಸುವ ಹಕ್ಕು ನನಗಿಲ್ಲ. ಆದರೆ ಅವಳ ನೆನಪು ಅವಳದು. ಅದನ್ನೇ ವಾದ್ಯದ ಗುಣವೆಂದು ತಲೆಬರಹದಲ್ಲಿ ಊರಿಗೆಲ್ಲ ಹಂಚುವ ಹಕ್ಕೂ ನನಗಿರಲಿಲ್ಲ. ಈ ಎರಡನ್ನೂ ನಾನು ಕಲಿತದ್ದು ಸಾರಂಗಿಯಿಂದ.

ಆ ಸಂಜೆ ಇನ್ನೊಂದು ಘಟನೆ ನಡೆಯಿತು. ದೀಪ ಹಚ್ಚಿದ ಮೇಲೆ ಅಜ್ಜಿಯೇ ಕರೆದು, "ಆ ಮದವೀದು ಇನ್ನೊಮ್ಮೆ ಹಚ್ಚು" ಎಂದಳು. ಅಡುಗೆಮನೆಯಿಂದ ಅವ್ವನೂ ಬಂದು ಕುಳಿತಳು. ಮೂವರೂ ಕೇಳಿದೆವು. ಅಜ್ಜಿಯ ಕಣ್ಣು ಒದ್ದೆಯಾಗಿತ್ತು. ಆದರೆ ಹಾಡಿನ ಲಯಕ್ಕೆ ಅವಳ ಬೆರಳು ಮೊಳಕಾಲಿನ ಮೇಲೆ ತಾಳ ಹಾಕುತ್ತಿತ್ತು. ಮುಂದೆ ನನಗೆ ಸಾರಂಗಿ ಕೇಳಿದಾಗ ನೆನಪಾಗುವುದು ಆ ಬೆರಳು. ಅದನ್ನು ಶೋಕ ಎನ್ನಲೋ ಸಂತೋಷ ಎನ್ನಲೋ ನನಗೆ ತಿಳಿಯದು.

ಸ್ನೇಹಿತರೇ, ಈಗ ಮೊಬೈಲು ಹಿಡಿದು, ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಸಂಗೀತ ಕೇಳುವ ಕಾಲ. ನಾನೂ ಹಾಗೇ ಕೇಳುತ್ತೇನೆ, ತಪ್ಪೆನ್ನುವುದಿಲ್ಲ. ಬೇಕಾದ ವಾದ್ಯ, ಬೇಕಾದ ಕಲಾವಿದ ಬೆರಳ ತುದಿಯಲ್ಲಿ ಸಿಗುತ್ತಾರೆ. ನಮ್ಮ ಹಿರಿಯರಿಗೆ ಈ ಭಾಗ್ಯ ಇರಲಿಲ್ಲ. ಆದರೆ ಒಬ್ಬನೇ ಕೇಳಿದ್ದರೆ ಅಜ್ಜಿಯ ಅಪ್ಪ ನನಗೆ ಸಿಗುತ್ತಿರಲಿಲ್ಲ. ಪ್ರೀತಿಯ ಸಂಗೀತವನ್ನು ಇನ್ನೊಬ್ಬರಿಗೆ ಕೇಳಿಸುವುದೆಂದರೆ 'ನನಗನ್ನಿಸಿದ್ದು ನಿನಗೂ ಅನ್ನಿಸಲಿ' ಎಂದು ಒತ್ತಾಯಿಸುವುದಲ್ಲ ಎಂದು ನನಗೆ ಈಗ ತೋರುತ್ತದೆ. 'ನಿನಗೆ ಏನು ಅನ್ನಿಸಿತು?' ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂರುವುದು. ಅದರಿಂದ ವಾದ್ಯಕ್ಕೂ ಉಪಕಾರವಿದೆ. ಪ್ರತಿಯೊಬ್ಬ ಹೊಸ ಕೇಳುಗನೂ ಅದರ ನೂರು ಬಣ್ಣಗಳಲ್ಲಿ ಮಾಸಿಹೋದ ಒಂದನ್ನು ಮತ್ತೆ ಬೆಳಗಿಸುತ್ತಾನೆ. ನಮ್ಮ ನಾಡಿನಲ್ಲಿ ಸಾರಂಗಿ ನುಡಿಸುವವರು ಬೆರಳೆಣಿಕೆಯಷ್ಟು ಮಂದಿ. ಧಾರವಾಡದ ಮಣ್ಣಿನ ಉಸ್ತಾದ್ ಫಯಾಜ್ ಖಾನರಂಥವರು ಹಾಡುಗಾರಿಕೆಯ ಜೊತೆಗೆ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಅವರಿಗೆ ಬಿರುದು ಬಾವಲಿಗಳಿಗಿಂತ ಮೊದಲು ಬೇಕಾದದ್ದು ಪೂರ್ವಗ್ರಹವಿಲ್ಲದ ಕಿವಿ.

ನನ್ನ ಮಾತು ಮುಗಿಯಿತು. ಈಗ ರಾಮ್ ನಾರಾಯಣರ ಸಾರಂಗಿಯನ್ನು ಹಚ್ಚುತ್ತೇನೆ. ಹತ್ತು ನಿಮಿಷ. ರಾಗದ ಹೆಸರು ಮೊದಲೇ ಹೇಳುವುದಿಲ್ಲ, ಅದು ಏನು ಭಾವದ್ದು ಎಂದೂ ಹೇಳುವುದಿಲ್ಲ. ಒಮ್ಮೆ ಹೇಳಿ ಪೆಟ್ಟು ತಿಂದವನು ನಾನು. ಕೇಳಿದ ಮೇಲೆ ನಿಮಗೆ ಯಾರು ನೆನಪಾದರು ಎಂದು ನೀವೇ ಹೇಳಬೇಕು. ಅಂದು ಫೋನ್ ಮಾಡಿದ ಹಿರಿಯರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಮೊದಲು ಅವರಿಂದಲೇ ಆರಂಭವಾಗಲಿ.